ಕಳಚದ ಮುಖವಾಡ

ಟಿಬೆಟ್ಟಿನವರ ಹೊಸ ವರ್ಷವಾದ ಲೋಸರ್ ಹಬ್ಬದ ಹೊತ್ತಿಗೆ ಬೈಲಕುಪ್ಪೆಯ ನಮ್ದ್ರೋಲಿಂಗ್ ಮಠದಲ್ಲಿ ಭಿಕ್ಷುಗಳು ಮುಖವಾಡ ಧರಿಸಿ ಕುಣಿಯುತ್ತಾರೆ. ಕೋರೆಹಲ್ಲು, ಕೆರಳಿದ ಕಣ್ಣು, ಧರ್ಮಪಾಲಕರ ಉಗ್ರಮುಖಗಳವು. ಕುಣಿತ ಮುಗಿದೊಡನೆ ಮುಖವಾಡ ಕೆಳಗಿಳಿಯುತ್ತದೆ. ಒಳಗಿದ್ದ ಹುಡುಗ ಬೆವರು ಒರೆಸಿಕೊಳ್ಳುತ್ತಾನೆ. ಅದನ್ನು ನೋಡುವಾಗ ನನಗೆ, ಎಂದೂ ಕಳಚದ ಇನ್ನೊಂದು ಮುಖವಾಡ ನೆನಪಾಯಿತು.

ಅಲನ್ ಮೂರ್ ಬರೆದು ಡೇವಿಡ್ ಲಾಯ್ಡ್ ಚಿತ್ರಿಸಿದ ‘ವಿ ಫಾರ್ ವೆಂಡೆಟ್ಟಾ’ ಎಂಬ ಚಿತ್ರಕಾದಂಬರಿಯ ನಾಯಕನಿಗೆ ‘ವಿ’ ಎಂಬ ಒಂದಕ್ಷರವೇ ಹೆಸರು. 1605ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟನ್ನು ಸಿಡಿಮದ್ದಿನಿಂದ ಹಾರಿಸಹೊರಟು ಸಿಕ್ಕಿಬಿದ್ದ ಗೈ ಫಾಕ್ಸನ ನಗೆಮೊಗ ಅವನ ಮುಖವಾಡ. 1982ರಲ್ಲಿ ಆರಂಭವಾಗಿ, ನಡುವೆ ನಿಂತು, 1989ರಲ್ಲಿ ಮುಗಿದ ಕಥೆಯಿದು. ಅಣುಯುದ್ಧದ ಬಳಿಕ ಕಂಗೆಟ್ಟ ಇಂಗ್ಲೆಂಡನ್ನು ಒಂದು ಪಕ್ಷ ಹಿಡಿದುಕೊಂಡಿದೆ. ತನಗೆ ಸೇರದವರನ್ನು ಶಿಬಿರಗಳಿಗೆ ಸಾಗಿಸಿ ಇಲ್ಲವಾಗಿಸಿದೆ. ಅದು ಅಳಿಸಿದ ಪುಸ್ತಕ, ಹಾಡು, ಚಿತ್ರಗಳನ್ನು ವಿ ತನ್ನ ನೆಲಮಾಳಿಗೆಯಲ್ಲಿ ಕೂಡಿಟ್ಟಿದ್ದಾನೆ.

ಚಿತ್ರಕಥೆ ಮಕ್ಕಳ ಸಾಮಗ್ರಿ ಎನ್ನುವ ಹಿರಿಯರೇ ಇದನ್ನು ಮೊದಲು ಓದಬೇಕು. ಅವಸರ ಬೇಡ. ಪಾತ್ರಗಳ ಮನಸ್ಸಿನ ಮಾತನ್ನು ಬರೆದು ತೋರಿಸುವ ಗುಳ್ಳೆಗಳು ಇಲ್ಲಿಲ್ಲ, ‘ಢಂ ಢಮಾರ್’ಗಳೂ ಇಲ್ಲ, ಮುಖದ ಮೇಲಿನ ನೆರಳನ್ನೇ ಓದಿಕೊಳ್ಳಬೇಕು. ಸಿನಿಮಾ ನೋಡಿದವರೂ ಓದಬೇಕು. ಸಿನಿಮಾ ಈ ನಾಯಕನನ್ನು ಮೆಚ್ಚುವುದನ್ನು ಸುಲಭಮಾಡಿಕೊಡುತ್ತದೆ, ಪುಸ್ತಕ ಹಾಗೆ ಮಾಡುವುದಿಲ್ಲ.

ಏಕೆಂದರೆ ನಡುವೆ ಒಂದು ಘೋರ ಪ್ರಕರಣವಿದೆ. (ಕಥೆಯ ಗುಟ್ಟು ಹೇಳುತ್ತಿದ್ದೇನೆ, ಕ್ಷಮಿಸಬೇಕು.) ವಿ ಹಿಂದೊಮ್ಮೆ ಕಾಪಾಡಿದ್ದ ಈವಿ ಎಂಬ ಹುಡುಗಿ ಸೆರೆಸಿಕ್ಕುತ್ತಾಳೆ. ತಲೆ ಬೋಳಿಸುತ್ತಾರೆ, ಹಿಂಸಿಸುತ್ತಾರೆ, ಸುಳ್ಳು ತಪ್ಪೊಪ್ಪಿಗೆಗೆ ರುಜು ಕೇಳುತ್ತಾರೆ. ಹಿಂದಿನ ಕೈದಿಯೊಬ್ಬಳ ಕಾಗದ ಸಿಕ್ಕಿ, ಅದನ್ನೋದಿ ಗಟ್ಟಿಯಾದ ಈವಿ, ಸತ್ತರೂ ರುಜು ಹಾಕೆನೆನ್ನುತ್ತಾಳೆ. ಬಾಗಿಲು ತೆರೆಯುತ್ತದೆ. ಹೊರಬಂದರೆ ಅದೇ ನೆಲಮಾಳಿಗೆ! ಹಿಂಸಿಸಿದವನು ವಿ. ನಿನ್ನನ್ನು ಭಯದಿಂದ ಬಿಡಿಸಿದೆನೆನ್ನುತ್ತಾನೆ. ಕೊನೆಗೆ ಅವಳೂ ಒಪ್ಪುತ್ತಾಳೆ.

ನಾನು ಒಪ್ಪಲಾರೆ. ಅವಳು ಆಮೇಲೆ ಕೃತಜ್ಞಳಾದಳೆಂದ ಮಾತ್ರಕ್ಕೆ, ಅವನು ಮೊದಲು ಕೇಳದ ಅಪ್ಪಣೆ ಸಿಕ್ಕಂತಾಯಿತೆ? ‘ನಿನ್ನ ಒಳ್ಳೆಯದಕ್ಕೇ’ ಎಂದು ಬೆತ್ತ ಹಿಡಿದ ಮೇಷ್ಟರಿಗೆ ನಾವೂ ದೊಡ್ಡವರಾದ ಮೇಲೆ ನಮಸ್ಕರಿಸಿದ್ದೇವೆ. ಅದರಿಂದ ಬಾಸುಂಡೆ ನ್ಯಾಯವಾಗಲಿಲ್ಲ.

ಹಾಗೆಂದು ಅಹಿಂಸೆಯ ಮಾತು ಸುಲಭವೆಂದುಕೊಳ್ಳಬಾರದು. ದಲೈ ಲಾಮಾ 1959ರಲ್ಲಿ ಭಾರತಕ್ಕೆ ಬಂದರು. ಅವರ ಹಿಂದೆ ಬಂದವರಲ್ಲಿ ಕೆಲವರು ಬೈಲಕುಪ್ಪೆಯ ಕಾಡು ಕಡಿದು ಜೋಳ ಬೆಳೆದರು, ಮಠ ಕಟ್ಟಿದರು. ಇನ್ನು ಕೆಲವರು ನೇಪಾಳದ ಮುಸ್ತಾಂಗ್‌ನಿಂದ ಬಂದೂಕು ಹಿಡಿದು ಹೋರಾಡಿದರು. 1974ರಲ್ಲಿ ದಲೈ ಲಾಮಾ ತಮ್ಮ ಧ್ವನಿಯನ್ನು ಮುದ್ರಿಸಿ ಕಳಿಸಿ, ಆಯುಧ ಕೆಳಗಿಡಿರೆಂದು ಕೇಳಿಕೊಂಡರು. ಬಹುಮಂದಿ ಇಟ್ಟರು. ಕೆಲವರು, ಆ ಮಾತು ಮೀರಲಾರದೆ, ಸೋಲನ್ನೂ ತಾಳಲಾರದೆ, ಪ್ರಾಣ ಕಳೆದುಕೊಂಡರು. ಆ ಸಾವುಗಳ ಮುಂದೆ ನನ್ನ ತೀರ್ಪು ತೊದಲುತ್ತದೆ. ಇಷ್ಟು ಮಾತ್ರ ಹೇಳಬಲ್ಲೆ: ಅಲ್ಲಿ ಕೇಳಿದ್ದು ಗುರುತುಳ್ಳ ಧ್ವನಿ, ಕೇಳಿದ್ದು ಬಹಿರಂಗವಾಗಿ.

ಪುಸ್ತಕದ ಕೊನೆಯಲ್ಲಿ ವಿ ಸಾಯುತ್ತಾನೆ. ಮುಖವಾಡ ತೆಗೆದು ನೋಡಲೇ ಎಂದು ಈವಿ ಯೋಚಿಸುತ್ತಾಳೆ, ತೆಗೆಯುವುದಿಲ್ಲ. ಅಂಥದೇ ಒಂದನ್ನು ತಾನು ಧರಿಸುತ್ತಾಳೆ. ಆ ಪುಟಕ್ಕೆ ಬಂದಾಗಲೆಲ್ಲ, ‘ತೆಗೆದು ನೋಡಮ್ಮ’ ಎನ್ನಬೇಕೆನಿಸುತ್ತದೆ.