ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ

ಶಿವಾಜಿನಗರದಲ್ಲಿ ಬಸ್ ಇಳಿದು ರಸೆಲ್ ಮಾರ್ಕೆಟ್ ಕಡೆ ನಡೆದರೆ, ಒಂದು ಗಲ್ಲಿಯೊಳಗೆ ನಾನು ಆಗಾಗ ಹೋಗೋ ಡಿಟಿಪಿ ಅಂಗಡಿ ಇದೆ. ಇಬ್ಬರು ನಿಂತರೆ ಮೂರನೆಯವರು ರಸ್ತೆಯಲ್ಲೇ ನಿಲ್ಲಬೇಕು, ಅಷ್ಟು ಚಿಕ್ಕದು. ಮದುವೆ ಕಾರ್ಡು, ಬಿಲ್ ಬುಕ್ಕು, ವಿಸಿಟಿಂಗ್ ಕಾರ್ಡು, ಅರ್ಜಿ ಟೈಪ್ ಮಾಡಿಕೊಡೋದು, ಎಲ್ಲಾ ಆಗುತ್ತೆ. ಕನ್ನಡಕ್ಕೆ ನುಡಿ, ಉರ್ದುಗೆ ಇನ್‌ಪೇಜ್, ಡಿಸೈನಿಗೆ ಕೋರೆಲ್‌ಡ್ರಾದ ಯಾವುದೋ ಹಳೇ ವರ್ಷನ್. ಅಂಗಡಿಯ ಭಾಯ್‌ಗೆ ಐವತ್ತು ದಾಟಿರಬಹುದು. ನಾಲ್ಕು ಭಾಷೆಯಲ್ಲಿ ಪ್ರೂಫ್ ನೋಡ್ತಾರೆ, ನಾಲ್ಕರಲ್ಲೂ ಗಿರಾಕಿಗಳ ಜೊತೆ ಜಗಳ ಆಡ್ತಾರೆ.

ಅವರ ಕಂಪ್ಯೂಟರ್ ಬೆಳಗ್ಗೆ ಆನ್ ಮಾಡಿದರೆ ಟೀ ಕುಡಿದು ಬರೋ ಹೊತ್ತಿಗೂ ಏಳ್ತಿರಲಿಲ್ಲ. ಒಂದು ದಿನ ನನ್ನನ್ನ ನೋಡಿ ಕೇಳಿದ್ರು: "ಸಾರ್, ಎಸ್‌ಎಸ್‌ಡಿ ಹಾಕಿಸಿದ್ರೆ ಸರಿ ಹೋಗುತ್ತೆ ಅಂತಾರಲ್ಲ? ಅದ್ರಲ್ಲೂ ಎರಡು ಮೂರು ಥರ ಇದೆಯಂತೆ. ಯಾವುದು ಹಾಕಿಸ್ಲಿ? ಮೂರು ಸಾವಿರದ ಮೇಲೆ ಆಗಲ್ಲ, ಮೊದಲೇ ಹೇಳಿಬಿಡ್ತೀನಿ."

ನಿಜ ಹೇಳಬೇಕಂದ್ರೆ ನನಗೆ ಖುಷಿಯಾಯ್ತು. ಗೊತ್ತಿರೋ ವಿಷಯ ಯಾರಾದ್ರೂ ಕೇಳಿದಾಗ ಆಗುತ್ತಲ್ಲ, ಆ ಖುಷಿ. ಕೂಡಲೇ ಶುರು ಮಾಡಿದೆ.

ಸಾಟಾ ಅಂತ ಒಂದಿದೆ ಭಾಯ್, ಅದು ಹಾರ್ಡ್ ಡಿಸ್ಕಿನ ಜಾಗದಲ್ಲೇ, ಅದೇ ಕೇಬಲ್ಲಿನಲ್ಲೇ ಕೂರುತ್ತೆ. ಹೆಚ್ಚಂದ್ರೆ ಸೆಕೆಂಡಿಗೆ 550 ಎಂಬಿ. ಇನ್ನೊಂದು ಎನ್‌ವಿಎಂಇ, ಚ್ಯೂಯಿಂಗ್ ಗಮ್ ಪಟ್ಟಿಯ ಹಾಗೆ ಇರುತ್ತೆ, ಬೋರ್ಡಿಗೇ ಚುಚ್ಚೋದು. ಅದು ಸೆಕೆಂಡಿಗೆ 3,500 ಎಂಬಿ. ಅದರ ಮುಂದಿನ ತಲೆಮಾರಿನದು 7,000 ಮುಟ್ಟುತ್ತೆ. ಬೆಲೆಯಲ್ಲಿ ಈಗ ಅಂಥ ವ್ಯತ್ಯಾಸ ಇಲ್ಲ. ಹಾಕಿಸೋದಾದ್ರೆ ಅದನ್ನೇ ಹಾಕಿಸಿ.

ಆಮೇಲೆ ಬಗ್ಗಿ ಡಬ್ಬದ ಒಳಗೆ ನೋಡಿದೆ. ಹನ್ನೆರಡು ಹದಿಮೂರು ವರ್ಷ ಹಳೆಯ ಎಚ್61 ಬೋರ್ಡು. ಪಟ್ಟಿ ಚುಚ್ಚೋ ಜಾಗವೇ ಇಲ್ಲ. ಅಡಾಪ್ಟರ್ ಕಾರ್ಡ್ ಹಾಕಿ ಕೂರಿಸಬಹುದು, ಆದರೆ ಅಂಥ ಹಳೇ ಬಯೋಸ್ ಅದರಿಂದ ಬೂಟ್ ಆಗೋದು ಕಷ್ಟ. ನಾನು ಸುಮ್ಮನಿದ್ದೆನಾ? ಇಲ್ಲ. "ಹಾಗಾದ್ರೆ ಬೋರ್ಡೇ ಬದಲಾಯಿಸಿಬಿಡಿ ಭಾಯ್. ಪ್ರೊಸೆಸರು, ರ್‍ಯಾಮು ಕೂಡ ಬದಲಾಗುತ್ತೆ ಅನ್ಕೊಳ್ಳಿ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಸಪೋರ್ಟ್ ನಿಲ್ಲಿಸಿದ್ದಾರೆ, ವಿಂಡೋಸ್ 11 ಇದರಲ್ಲಿ ಕೂರಲ್ಲ. ಒಂದ್ಸಲ ಖರ್ಚು ಮಾಡಿದ್ರೆ ಹತ್ತು ವರ್ಷ ನೋಡೋ ಹಾಗಿಲ್ಲ."

ಭಾಯ್ ಏನೂ ಅನ್ನಲಿಲ್ಲ. ಕಟ್ ಮಾಡಿಟ್ಟಿದ್ದ ಕಾರ್ಡುಗಳನ್ನ ಎಣಿಸೋಕೆ ಶುರು ಮಾಡಿದ್ರು. ಮೂರು ಸಾವಿರ ಅಂದವರಿಗೆ ನಾನು ಐದು ನಿಮಿಷದಲ್ಲಿ ಇಪ್ಪತ್ತು ಸಾವಿರದ ದಾರಿ ತೋರಿಸಿದ್ದೆ. ವಾಪಸ್ ಬರ್ತಾ ಬಸ್ಸಿನಲ್ಲಿ ನಮ್ಮಜ್ಜಿ ಹೇಳ್ತಿದ್ದ ಗಾದೆ ನೆನಪಾಯ್ತು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ನಾನು ಹೇಳಿದ ಅಂಕಿಗಳು ಯಾವುವೂ ಸುಳ್ಳಲ್ಲ. ಆದರೆ ಭಾಯ್‌ಗೆ ಅವುಗಳಿಂದ ಏನು ಸಿಗುತ್ತೆ? ಅವರ ಕಂಪ್ಯೂಟರ್ ನಿಧಾನ ಆಗಿದ್ದು ಹಾರ್ಡ್ ಡಿಸ್ಕ್ ತಿರುಗೋ ತಟ್ಟೆ ಆದ್ದರಿಂದ. ಒಂದು ಚೂರು ಮಾಹಿತಿ ಬೇಕಂದ್ರೂ ತಟ್ಟೆ ತಿರುಗಬೇಕು, ಮುಳ್ಳು ಆ ಜಾಗಕ್ಕೆ ಹೋಗಬೇಕು. ಒಂದು ಹುಡುಕಾಟಕ್ಕೆ 10-15 ಮಿಲಿಸೆಕೆಂಡ್. ಕಂಪ್ಯೂಟರ್ ಏಳುವಾಗ ಇಂಥ ಸಾವಿರಾರು ಹುಡುಕಾಟ. ಎಸ್‌ಎಸ್‌ಡಿಯಲ್ಲಿ ತಿರುಗೋದೇ ಇಲ್ಲ, ಅದೇ ಹುಡುಕಾಟ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮುಗಿಯುತ್ತೆ. ಮನುಷ್ಯನಿಗೆ ಗೊತ್ತಾಗೋ ದೊಡ್ಡ ಜಿಗಿತ ಇದು. ಇದಕ್ಕೆ ಸಾಟಾ ಸಾಕು. ಭಾಯ್‌ದು ಇನ್ನೂ ಹಳೇ ಸಾಟಾ, 3 ಗಿಗಾಬಿಟ್‌ದು, 550 ಅಂದಿದ್ದು ಅಲ್ಲಿ 270ರ ಆಸುಪಾಸಿಗೆ ಇಳಿಯುತ್ತೆ. ಆದರೂ ಆ ಜಿಗಿತ ಪೂರ್ತಿ ಸಿಗುತ್ತೆ. ಅಲ್ಲಿಂದ ಮೇಲಿನ 3,500, 7,000 ಎಲ್ಲಾ ದೊಡ್ಡ ದೊಡ್ಡ ವಿಡಿಯೋ ಫೈಲುಗಳನ್ನ ಅತ್ತಿಂದಿತ್ತ ಸಾಗಿಸೋರಿಗೆ. ಕೊತ್ತಂಬರಿ ಸೊಪ್ಪು ತರೋಕೆ ರಸೆಲ್ ಮಾರ್ಕೆಟ್ಟಿಗೆ ಹೋಗೋನಿಗೆ ಆರು ಲೇನಿನ ರಸ್ತೆ ಇದ್ದರೂ ಒಂದೇ, ಗಲ್ಲಿ ಇದ್ದರೂ ಒಂದೇ. ಬಾಗಿಲು ಬೇಗ ತೆಗೆದರೆ ಸಾಕು.

ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ದೊಡ್ಡ ಅಂಕಿಯನ್ನ ಯಾಕೆ ಹೇಳಿದೆ? ದೊಡ್ಡ ಅಂಕಿ ನನಗೆ ಇಷ್ಟ. ಕೊಳ್ಳೋಕೆ ನನ್ನ ಹತ್ತಿರ ಆಗದೇ ಇದ್ದದ್ದನ್ನ ಅವರ ಕೈಲಿ ಕೊಳ್ಳಿಸೋಕೆ ಹೊರಟಿದ್ದೆ. ಆಸೆ ನಂದು, ಬಿಲ್ ಅವರದ್ದು.

ಹಾಗಂತ ಕಡಿಮೆ ಬೆಲೆಯದ್ದನ್ನ ಹೇಳೋದೇ ನ್ಯಾಯ ಅಂತ ನೀವು ಅನ್ಕೋಬಹುದು. ಅಲ್ಲೂ ನಾನು ಒಂದ್ಸಲ ಎಡವಿದ್ದೀನಿ. ಕೆಲವು ವರ್ಷದ ಹಿಂದೆ ಹಲಸೂರಲ್ಲಿ ಮನೆಯಲ್ಲೇ ಟ್ಯೂಷನ್ ಮಾಡ್ತಿದ್ದ ಒಬ್ಬ ಮೇಡಂ ಇದೇ ಪ್ರಶ್ನೆ ಕೇಳಿದ್ರು. ಆಗ ನಾನು ಜಾಣ. ಸಿಗೋದರಲ್ಲೇ ಅಗ್ಗದ, ಹೆಸರೇ ಕೇಳಿರದ ಒಂದು ಡ್ರೈವ್ ತೋರಿಸಿ, "ನಿಮಗೆ ಇಷ್ಟು ಸಾಕು ಮೇಡಂ" ಅಂದೆ. ಉಳಿದದ್ದು ಬರೀ ನಾನೂರೋ ಐನೂರೋ ರೂಪಾಯಿ. ಹನ್ನೊಂದನೇ ತಿಂಗಳಲ್ಲಿ ಒಂದು ಬೆಳಗ್ಗೆ ಲ್ಯಾಪ್‌ಟಾಪಿಗೆ ಡ್ರೈವ್ ಕಾಣಲೇ ಇಲ್ಲ. ಹಾರ್ಡ್ ಡಿಸ್ಕ್ ಸಾಯೋ ಮುಂಚೆ ಎಷ್ಟೋ ಸಲ ಕಟಕಟ ಅಂತ ಸದ್ದು ಮಾಡಿ ಎಚ್ಚರಿಸುತ್ತೆ. ಎಸ್‌ಎಸ್‌ಡಿಯ ಕಂಟ್ರೋಲರ್ ಕೈಕೊಟ್ಟರೆ ನಿನ್ನೆ ಇತ್ತು, ಇವತ್ತಿಲ್ಲ, ಅಷ್ಟೇ. ವಾರಂಟಿ ಇತ್ತು, ಹೊಸ ಡ್ರೈವ್ ಕೊಟ್ಟರು. ಆರು ವರ್ಷ ಕೂತು ಅವರು ಮಾಡಿದ್ದ ಪ್ರಶ್ನೆಪತ್ರಿಕೆ, ನೋಟ್ಸ್ ಯಾವುದಕ್ಕೂ ವಾರಂಟಿ ಇರಲಿಲ್ಲ. "ಇರ್ಲಿ ಬಿಡಿ, ನೀವೇನು ಮಾಡ್ತೀರಿ" ಅಂದ್ರು. ಆ ಮಾತು ಬೈಗುಳಕ್ಕಿಂತ ಜೋರಾಗಿ ತಾಕ್ತು.

"ನಿಮಗೆ ಇಷ್ಟು ಸಾಕು" ಅನ್ನೋ ಮಾತಲ್ಲಿ ತಪ್ಪೆಲ್ಲ ಆ "ನಿಮಗೆ" ಅನ್ನೋ ಪದದಲ್ಲಿದೆ. ನನ್ನ ಸ್ವಂತ ಲ್ಯಾಪ್‌ಟಾಪಿಗೆ ಆ ಡ್ರೈವನ್ನ ನಾನು ಹಾಕ್ತಿರಲಿಲ್ಲ. ಮೇಡಂ ಕೆಲಸ ಸಣ್ಣದು, ಬರೀ ಟೈಪಿಂಗು, ಅಂತ ಮನಸ್ಸಲ್ಲೇ ತೂಗಿಬಿಟ್ಟಿದ್ದೆ. ಮದುವೆ ಊಟದ ಪಂಕ್ತಿಯಲ್ಲಿ "ಸಾಕು" ಅನ್ನಬೇಕಾದವರು ಎಲೆ ಮುಂದೆ ಕೂತವರು. ಬಡಿಸೋನೇ ಸೌಟು ಹಿಂದಕ್ಕೆ ತಗೊಂಡು "ಸಾಕಲ್ವಾ" ಅಂದರೆ ಅದು ಮಿತವ್ಯಯ ಆಗಲ್ಲ, ಅವಮಾನ ಆಗುತ್ತೆ. ಬೇಡ ಬೇಡ ಅಂದರೂ ಸುರಿದು ಎಲೆ ತುಂಬಿಸಿ ಹೋಗೋನೂ ಅಷ್ಟೇ. ಇಬ್ಬರೂ ಎಲೆ ಮುಂದೆ ಕೂತವರ ಮುಖ ನೋಡಿರಲ್ಲ.

ಹರ್ಬರ್ಟ್ ಸೈಮನ್ ಅಂತ ಅಮೆರಿಕದ ಒಬ್ಬ ಚಿಂತಕ, 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ಹೇಳಿದ್ದು ಸರಳ: ಇರೋದರಲ್ಲಿ ಅತ್ಯುತ್ತಮ ಯಾವುದು ಅಂತ ಎಲ್ಲವನ್ನೂ ತೂಗಿ ನೋಡೋ ಪುರುಸೊತ್ತಾಗಲಿ ಮಾಹಿತಿಯಾಗಲಿ ಮನುಷ್ಯನಿಗೆ ಇರಲ್ಲ. ಇಷ್ಟಿದ್ದರೆ ಸಾಕು ಅಂತ ಒಂದು ಗೆರೆ ಎಳ್ಕೊಂಡು, ಅದನ್ನ ದಾಟಿದ್ದು ಸಿಕ್ಕಿದ ಕೂಡಲೇ ಹುಡುಕೋದು ನಿಲ್ಲಿಸ್ತಾನೆ. ಕಂಪ್ಯೂಟರ್ ಕೊಳ್ಳೋದರಿಂದ ಹಿಡಿದು ಬಾಡಿಗೆ ಮನೆ ಹುಡುಕೋವರೆಗೂ ನಾವೆಲ್ಲ ಹೀಗೇ. ಅಲ್ಲಿ ಗೆರೆ ಎಳೆಯೋನು, ಕೊಳ್ಳೋನು, ಅನುಭವಿಸೋನು ಮೂವರೂ ಒಬ್ಬನೇ. ಸಲಹೆ ಕೊಡುವಾಗ ಇವರು ಬೇರೆ ಬೇರೆ ಆಗಿಬಿಡ್ತಾರೆ. ಗೆರೆ ನಂದು, ದುಡ್ಡು ಅವರದು, ನಷ್ಟವೂ ಅವರದು.

ಹಾಗಿದ್ದರೆ "ನಿಮ್ಮಿಷ್ಟ" ಅಂದುಬಿಡಬಹುದಲ್ಲ? ಎರಡೂ ತೋರಿಸಿ, ಬೆಲೆ ಹೇಳಿ, ನೀವೇ ಆರಿಸಿಕೊಳ್ಳಿ ಅನ್ನೋದು? ಅದು ಮೂರನೇ ತಪ್ಪು ಅಂತ ನನಗನಿಸುತ್ತೆ. ಭಾಯ್ ನನ್ನನ್ನ ಕೇಳಿದ್ದೇ ಅವರಿಗೆ ಗೊತ್ತಿಲ್ಲದ ಕಾರಣಕ್ಕೆ. ಒಂದು ಕೋಶದಲ್ಲಿ ಮೂರು ಬಿಟ್ ಬರೆದರೆ ಟಿಎಲ್‌ಸಿ, ಎಂಟು ಮಟ್ಟದ ವಿದ್ಯುತ್ತನ್ನ ಗುರುತಿಸಬೇಕು. ನಾಲ್ಕು ಬಿಟ್ ತುಂಬಿದರೆ ಕ್ಯೂಎಲ್‌ಸಿ, ಹದಿನಾರು ಮಟ್ಟ, ಅಗ್ಗ ಆಗುತ್ತೆ, ಬರೆಯೋದು ನಿಧಾನ, ಸವೆಯೋದು ಬೇಗ. ಇದನ್ನ ಹಾಗೇ ಅವರ ಮುಂದೆ ಸುರಿದು "ನಿಮ್ಮಿಷ್ಟ" ಅಂದರೆ ನಾನು ಕೈ ತೊಳ್ಕೊಂಡ ಹಾಗೆ. ಗೊತ್ತಿರೋನ ಕೆಲಸ ಇದನ್ನ ಅವರ ಅಂಗಡಿಯ ಮಾತಿಗೆ ತಿರುಗಿಸೋದು: ಇದು ಹಾಕಿದ್ರೆ ಏನು ಕಳ್ಕೋಬಹುದು, ಅದು ಹಾಕಿದ್ರೆ ಏನು ಉಳಿಯುತ್ತೆ.

ಅದಕ್ಕೆ ಮೊದಲು ಅವರಿಗೆ ಕಳ್ಕೊಳ್ಳೋಕೆ ಏನಿದೆ ಅಂತ ನನಗೆ ಗೊತ್ತಿರಬೇಕಲ್ಲ. ಕೇಳಿರಲೇ ಇಲ್ಲ. ಮುಂದಿನ ವಾರ ಹೋಗಿ ಕೇಳಿದೆ. "ಭಾಯ್, ಈ ಕಂಪ್ಯೂಟರಲ್ಲಿ ಯಾವುದು ಹೋದ್ರೆ ನಿಮಗೆ ತಡ್ಕೊಳ್ಳೋಕೆ ಆಗಲ್ಲ?"

ಸಾಫ್ಟ್‌ವೇರ್ ಅಂತಾರೆ ಅನ್ಕೊಂಡಿದ್ದೆ. ಒಂದು ಫೋಲ್ಡರ್ ತೆಗೆದು ತೋರಿಸಿದ್ರು. ಹದಿನಾಲ್ಕು ವರ್ಷದ ಮದುವೆ ಕಾರ್ಡುಗಳು. "ಮದುವೆ ಮುಗಿದ್ಮೇಲೆ ಕಾರ್ಡ್ ಯಾಕೆ ಅಂತೀರಾ? ಅಕ್ಕನ ಮದುವೆಗೆ ಮಾಡಿಸ್ಕೊಂಡು ಹೋಗಿರ್ತಾರೆ ಸಾರ್, ಐದು ವರ್ಷ ಬಿಟ್ಟು ತಂಗಿಗೆ ಬರ್ತಾರೆ. ಅದೇ ಥರ ಇರ್ಲಿ ಭಾಯ್ ಅಂತಾರೆ. ಅಜ್ಜ, ದೊಡ್ಡಪ್ಪ, ಸೋದರಮಾವ, ಎಲ್ಲಾರ ಹೆಸರು ಸರಿಯಾಗಿ ಕೂತಿರುತ್ತೆ. ಒಂದು ಅಕ್ಷರ ತಪ್ಪಿದ್ರೆ ಮನೆಯಲ್ಲಿ ರಂಪ ಆಗುತ್ತೆ, ನಿಮಗೆ ಗೊತ್ತಿಲ್ಲ. ಒಂದ್ಸಲ ತಿದ್ದಿದ್ದು ಇಲ್ಲಿ ಭದ್ರ ಇದೆ ಅಂತಾನೇ ನನ್ನ ಹತ್ರ ಬರೋದು."

ಆಮೇಲೆ ಬೋರ್ಡ್ ಬದಲಾಯಿಸಿ ಅಂದಿದ್ದಕ್ಕೂ ಉತ್ತರ ಬಂತು. ಆ ಕಂಪ್ಯೂಟರಿಗೆ ಇಂಟರ್‌ನೆಟ್ಟೇ ಕೊಟ್ಟಿಲ್ಲ, ಪ್ರೂಫ್ ಎಲ್ಲಾ ಫೋನಿನಲ್ಲಿ ವಾಟ್ಸಾಪ್ ಹೋಗುತ್ತೆ. ಹೊಸ ವಿಂಡೋಸಿನಲ್ಲಿ ಆ ಹಳೇ ಕೋರೆಲ್‌ಡ್ರಾ ಕೂರುತ್ತೋ ಇಲ್ವೋ, ಕೂತರೂ ನುಡಿಯ ಹಳೇ ಫಾಂಟಿನಲ್ಲಿ ಮಾಡಿದ ಕಾರ್ಡು ಅಕ್ಷರ ಅಕ್ಷರ ಹಾಗೇ ತೆರೆಯುತ್ತೋ ಇಲ್ವೋ ಅನ್ನೋ ಭಯ ಅವರಿಗಿತ್ತು. ಯೂನಿಕೋಡ್ ಅಲ್ಲದ ಫಾಂಟಿನ ಜೊತೆ ಕೆಲಸ ಮಾಡಿದವರಿಗೆ ಆ ಭಯ ಎಷ್ಟು ನಿಜ ಅಂತ ಗೊತ್ತು. "ನಾನು ಹಳೇ ಡಬ್ಬ ಇಟ್ಕೊಂಡಿರೋದು ಪುಕ್ಕಲುತನಕ್ಕಲ್ಲ ಸಾರ್" ಅಂದು ನಕ್ಕರು. ಅವರಿಗೆ ಬೇಕಿದ್ದದ್ದು ಎರಡು: ಬೆಳಗ್ಗೆ ಬೇಗ ಏಳಬೇಕು, ಮದುವೆ ಸೀಸನ್ನಿನಲ್ಲಿ ಒಂದಿನವೂ ಕೈಕೊಡಬಾರದು. ಮುಹೂರ್ತ ನಿಲ್ಲಲ್ಲ.

ಇಷ್ಟು ಗೊತ್ತಾದ ಮೇಲೆ ಆಯ್ಕೆ ಕಷ್ಟ ಆಗಲಿಲ್ಲ. ಸಾಟಾ, ಎರಡೂವರೆ ಇಂಚಿನದು, ಟಿಎಲ್‌ಸಿ, ಮೂರು ವರ್ಷ ವಾರಂಟಿ ಇರೋ ಗೊತ್ತಿರೋ ಕಂಪನಿಯದು, 240 ಜಿಬಿ. ಅದಕ್ಕಿಂತ ದೊಡ್ಡದು ಬೇಡ, ಅವರ ಹದಿನಾಲ್ಕು ವರ್ಷ ಸೇರಿಸಿದರೂ 60 ಜಿಬಿ ಆಗಿರಲಿಲ್ಲ. ಮುಂದೆ ಡಬ್ಬ ಬದಲಾದರೂ ಈ ಡ್ರೈವ್ ಬಿಚ್ಚಿ ಅದಕ್ಕೆ ಹಾಕ್ಕೋಬಹುದು. ಉಳಿದ ದುಡ್ಡಲ್ಲಿ ಹಳೇ ಹಾರ್ಡ್ ಡಿಸ್ಕಿಗೆ ಒಂದು ಯುಎಸ್‌ಬಿ ಕೇಸು. ಇಪ್ಪತ್ತು ಸಾವಿರದ ಬೋರ್ಡಿಗಿಂತ ಆ ಕೇಸೇ ಮುಖ್ಯ ಅಂತ ನಾನು ಹೇಳಿದೆ, ಯಾಕೆ ಅಂತಾನೂ ಹೇಳಿದೆ: ಒಂದೇ ಕಡೆ ಇರೋ ಫೈಲು, ಡ್ರೈವ್ ಎಷ್ಟೇ ಒಳ್ಳೇದಿರಲಿ, ಕಳೆದುಹೋಗಬಹುದಾದ ಫೈಲು. ಹಳೇ ಡಿಸ್ಕನ್ನ ಒಂಟಿಯಾಗಿ ನಂಬಬಾರದು, ಎರಡನೇ ಕಾಪಿಗೆ ಪರವಾಗಿಲ್ಲ. ಅದನ್ನ ಅಂಗಡಿಯಲ್ಲಿ ಇಡಬೇಡಿ, ಮನೆಗೆ ತಗೊಂಡು ಹೋಗಿ ಅಂದೆ.

ಭಾಯ್ ಸ್ವಲ್ಪ ಹೊತ್ತು ಯೋಚಿಸಿದ್ರು. "ಟಿಎಲ್‌ಸಿ ಅಂದ್ರಲ್ಲ, ಅದು ಬಿಲ್ಲಲ್ಲಿ ಬರೆದಿರುತ್ತಾ?" ಅಂದ್ರು. ಇರಲ್ಲ, ಕಂಪನಿಯ ವೆಬ್‌ಸೈಟಲ್ಲಿ ಮಾಡೆಲ್ ನಂಬರ್ ಹಾಕಿ ನೋಡಬೇಕು, ಕೆಲವು ಕಂಪನಿಗಳು ಅಲ್ಲೂ ಹೇಳಲ್ಲ. "ಹೇಳದೇ ಇರೋರದ್ದು ಬೇಡ" ಅಂದ್ರು. ಆ ಗೆರೆ ಅವರೇ ಎಳೆದಿದ್ದು. ಎಸ್‌ಪಿ ರೋಡಿಗೆ ಅವರೇ ಹೋಗಿ ತಂದ್ರು. ಕ್ಲೋನ್ ಮಾಡೋಕೆ ಒಂದು ಭಾನುವಾರ ನಾನು ಹೋಗಿ ಕೂತೆ.

ಆದರೂ ಒಂದು ಪ್ರಶ್ನೆ ಉಳಿದೇ ಇದೆ. ನಾಳೆ ಈ ಡ್ರೈವೂ ಹೋಯ್ತು ಅನ್ನಿ, ಆಗ ನನ್ನ ಪಾಲೆಷ್ಟು? ಒಳ್ಳೇ ಕಂಪನಿಯದ್ದೂ ಹೋಗುತ್ತೆ. ದುಡ್ಡು ವಾಪಸ್ ಕೊಡೋ ಕರಾರು ನಾನು ಮಾಡಿಲ್ಲ, ಅವರೂ ಕೇಳಿಲ್ಲ. ಪುಕ್ಕಟೆ ಸಲಹೆಗೆ ಹೊಣೆ ಎಲ್ಲಿಯದು ಅಂತ ಹೇಳಿ ಜಾರ್ಕೋಬಹುದು. ಹಲಸೂರಿನ ಮೇಡಂ ಎದುರು ಜಾರ್ಕೊಂಡೂ ಆಗಿದೆ. ನನಗೆ ತೋಚೋದು ಇಷ್ಟು: ಹೇಳಿದವನು ಆಮೇಲೆ ಆ ಕಡೆ ಹೋಗಿ ನೋಡಬೇಕು. ಹೋಗಿ ನೋಡೋ ಮನಸ್ಸಿಲ್ಲದಿದ್ದರೆ ಹೇಳೋಕೂ ಹೋಗಬಾರದು.

ಕಾಪಿ ಯಾವಾಗ ಮಾಡ್ತೀರಿ ಅಂತ ಕೇಳಿದ್ದಕ್ಕೆ ಭಾಯ್ ಆಗಲೇ ಲೆಕ್ಕ ಹಾಕಿದ್ರು. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಷಟರ್ ಅರ್ಧ ಎಳೆದು ಹೋಗ್ತಾರಲ್ಲ, ಆಗ ಕೇಬಲ್ ಚುಚ್ಚಿಟ್ಟು ಹೋಗೋದು, ಬರೋ ಹೊತ್ತಿಗೆ ಆಗಿರುತ್ತೆ. ಹೋದ ಶುಕ್ರವಾರ ಆ ಕಡೆ ಕೆಲಸ ಇತ್ತು, ಹೋಗಿದ್ದೆ. ಷಟರ್ ಅರ್ಧ ಇಳಿದಿತ್ತು. ಬಗ್ಗಿ ನೋಡಿದೆ. ಒಳಗೆ ಕತ್ತಲೆಯಲ್ಲಿ ಕೇಸಿನ ನೀಲಿ ದೀಪ ಮಿನುಗ್ತಾ ಇತ್ತು.