ಅಮೂಢದೃಷ್ಟಿ ಅಂಗ ಮತ್ತು ನಮ್ಮ ಮನೆಯ ಕಥೆಗಳು

|| ಶ್ರೀ ವೀತರಾಗಾಯ ನಮಃ ||



ನಮ್ಮ ಬಸದಿಯ ವಾರ್ಷಿಕೋತ್ಸವದ ಸ್ಮರಣಿಕೆಗೆ ಈ ಸಲ ನಾಲ್ಕು ಮಾತು ಬರೆದುಕೊಡಬೇಕೆಂದು ಟ್ರಸ್ಟಿನ ಹಿರಿಯರು ಅಪ್ಪಣೆ ಮಾಡಿದ್ದಾರೆ. ನಾನು ಪಂಡಿತನಲ್ಲ. ಮೆಟ್ರಿಕ್ಕಿನವರೆಗೆ ಇಲ್ಲಿಯ ಕನ್ನಡ ಶಾಲೆಯಲ್ಲಿ ಓದಿ, ತಂದೆಯವರ ಕಿರಾಣಿ ಅಂಗಡಿಯ ಗಾದಿಯ ಮೇಲೆ ಕುಳಿತವನು. ಚಾತುರ್ಮಾಸದಲ್ಲಿ ಮುನಿಮಹಾರಾಜರ ಬಾಯಿಂದ ಕೇಳಿದ್ದು, ರಾತ್ರಿ ಅಂಗಡಿ ಮುಚ್ಚಿದ ಮೇಲೆ ಸ್ವಾಧ್ಯಾಯದಲ್ಲಿ ಓದಿದ್ದು, ಇವಿಷ್ಟೇ ನನ್ನ ಬಂಡವಾಳ. ದೋಷ ಕಂಡರೆ ವಿದ್ವಜ್ಜನರು ತಿದ್ದಿ ಓದಿಕೊಳ್ಳಬೇಕೆಂದು ಪ್ರಾರ್ಥನೆ.

ಸಮ್ಯಗ್ದರ್ಶನಕ್ಕೆ ಎಂಟು ಅಂಗಗಳೆಂಬುದನ್ನು ಪಾಠಶಾಲೆಯ ಮಕ್ಕಳೂ ಬಲ್ಲರು. ನಿಃಶಂಕಿತ, ನಿಃಕಾಂಕ್ಷಿತ, ನಿರ್ವಿಚಿಕಿತ್ಸಾ ಆದ ಮೇಲೆ ನಾಲ್ಕನೆಯದು ಅಮೂಢದೃಷ್ಟಿ. ಉಳಿದ ಅಂಗಗಳ ಮೇಲೆ ಪ್ರವಚನಗಳು ಬಹಳ ಆಗುತ್ತವೆ. ವಾತ್ಸಲ್ಯ, ಪ್ರಭಾವನಾ ಎಂದರೆ ನಮಗೆಲ್ಲ ಉತ್ಸಾಹ. ಮೆರವಣಿಗೆ ಹೊರಡುತ್ತದೆ, ಊಟ ಬಡಿಸಲಾಗುತ್ತದೆ. ಅಮೂಢದೃಷ್ಟಿಯ ಮೇಲೆ ಮಾತ್ರ ಮಾತು ಕಡಿಮೆ. ಏಕೆಂದರೆ ಅದು ಹೊರಗೆ ನೋಡುವ ಅಂಗವಲ್ಲ, ತನ್ನ ಕಣ್ಣನ್ನೇ ಪರೀಕ್ಷಿಸಿಕೊಳ್ಳುವ ಅಂಗ.

ಸ್ವಾಮಿ ಸಮಂತಭದ್ರಾಚಾರ್ಯರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಮೂಢತೆಗಳು ಮೂರು ಎಂದಿದ್ದಾರೆ: ಲೋಕಮೂಢತೆ, ದೇವಮೂಢತೆ, ಪಾಷಂಡಿಮೂಢತೆ. ನದಿಯಲ್ಲಿ, ಸಮುದ್ರದಲ್ಲಿ ಮುಳುಗಿದರೆ ಧರ್ಮವಾಯಿತೆಂದು ತಿಳಿಯುವುದು, ಮರಳು-ಕಲ್ಲುಗಳ ಗುಡ್ಡೆ ಹಾಕುವುದು, ಬೆಟ್ಟದಿಂದ ಬೀಳುವುದು, ಬೆಂಕಿಗೆ ಹಾರುವುದು, ಇವು ಲೋಕಮೂಢತೆ. ವರ ಬೇಡುವ ಆಸೆಯಿಂದ ರಾಗದ್ವೇಷವುಳ್ಳ ದೇವತೆಗಳನ್ನು ಪೂಜಿಸುವುದು ದೇವಮೂಢತೆ. ಪರಿಗ್ರಹ, ಆರಂಭ, ಹಿಂಸೆಗಳಲ್ಲಿರುವವರನ್ನು ಗುರುಗಳೆಂದು ಸತ್ಕರಿಸುವುದು ಮೂರನೆಯದು. ಈ ಶ್ಲೋಕಗಳ ಅರ್ಥವನ್ನು ಓದುವಾಗ ನಮಗೆ ಒಳಗೊಳಗೆ ಒಂದು ಸಂತೋಷವಾಗುತ್ತದೆ. 'ಇದೆಲ್ಲ ಬೇರೆಯವರ ವಿಷಯ, ನಾವು ಜೈನರು ಪಾರಾದೆವು' ಎಂಬ ಸಂತೋಷ. ನನಗೂ ಬಹುಕಾಲ ಆ ಸಂತೋಷವಿತ್ತು.

ಅನ್ಯರ ಕಥೆಗಳನ್ನು ಪರೀಕ್ಷಿಸುವುದರಲ್ಲಿ ನಮ್ಮ ಪೂರ್ವಾಚಾರ್ಯರು, ಕವಿಗಳು ಹಿಂದೆ ಬಿದ್ದವರಲ್ಲ. ಅಮಿತಗತಿ ಆಚಾರ್ಯರು ಸಂಸ್ಕೃತದಲ್ಲಿ 'ಧರ್ಮಪರೀಕ್ಷೆ' ಬರೆದರು. ವೃತ್ತವಿಲಾಸನು ಅದನ್ನು ಕನ್ನಡಕ್ಕೆ ತಂದನು. ಬ್ರಹ್ಮಶಿವನು 'ಸಮಯಪರೀಕ್ಷೆ' ಬರೆದನು. ಇನ್ನೂ ಹಿಂದೆ ವಿಮಲಸೂರಿಗಳ ಪ್ರಾಕೃತ 'ಪಉಮಚರಿಯ'ದಲ್ಲಿ ಶ್ರೇಣಿಕ ಮಹಾರಾಜನಿಗೆ ಲೋಕದಲ್ಲಿ ಹೇಳುತ್ತ ಬಂದ ರಾಮಕಥೆಯ ಬಗ್ಗೆಯೇ ಸಂದೇಹ ಹುಟ್ಟುತ್ತದೆ. ಉತ್ತಮ ಕುಲದಲ್ಲಿ ಹುಟ್ಟಿದ ರಾವಣನು ಮಾಂಸಾಹಾರಿ ರಾಕ್ಷಸನಾಗುವುದು ಹೇಗೆ? ಕುಂಭಕರ್ಣನು ಆರು ತಿಂಗಳು ಮಲಗುವುದು ಹೇಗೆ? ಕಪಿಗಳು ಬಲಾಢ್ಯರಾದ ರಾಕ್ಷಸರನ್ನು ಗೆಲ್ಲುವುದು ಹೇಗೆ? ಈ ಪ್ರಶ್ನೆಗಳನ್ನು ಹೊತ್ತು ಅವನು ಗೌತಮ ಗಣಧರರ ಬಳಿಗೆ ಬರುತ್ತಾನೆ. ವಾನರರೆಂದರೆ ಕಪಿಯ ಚಿಹ್ನೆಯ ವಿದ್ಯಾಧರ ವಂಶದವರು, ರಾವಣನ ಹತ್ತು ಮುಖವೆಂದರೆ ಕೊರಳ ಹಾರದ ರತ್ನಗಳಲ್ಲಿ ಕಂಡ ಪ್ರತಿಬಿಂಬ ಎಂದು ನಮ್ಮ ಪರಂಪರೆ ಉತ್ತರ ಕೊಟ್ಟಿತು. ನಮ್ಮ ನೆರೆಯ ವಿಜಯಪುರದಲ್ಲಿ ಮಲ್ಲಿನಾಥ ಜಿನಾಲಯವನ್ನು ಕಟ್ಟಿಸಿದ ನಾಗಚಂದ್ರ ಕವಿಯು 'ರಾಮಚಂದ್ರಚರಿತಪುರಾಣ'ದಲ್ಲಿ ನಡೆದದ್ದು ಇದೇ ದಾರಿಯಲ್ಲಿ.

ಇಲ್ಲೊಂದು ಮಾತನ್ನು ಸ್ಪಷ್ಟಪಡಿಸಬೇಕು. ನೆರೆಹೊರೆಯವರ ದೇವರನ್ನೋ ಗ್ರಂಥವನ್ನೋ ಹೀಯಾಳಿಸುವುದಕ್ಕಾಗಿ ನಾನು ಇದನ್ನು ಬರೆಯುತ್ತಿಲ್ಲ. ನಮ್ಮ ಪೇಟೆಯಲ್ಲಿ ಎಲ್ಲ ಮತದವರೂ ನಮ್ಮ ಗಿರಾಕಿಗಳು, ನಮ್ಮ ಕಷ್ಟಕ್ಕೆ ಒದಗಿದವರು. ನಾನು ಹೇಳುವುದು ಶ್ರೇಣಿಕನ ಮನಸ್ಸಿನ ವಿಷಯ. ಎಲ್ಲರೂ ಹೇಳುತ್ತಾರೆ, ತಲೆತಲಾಂತರದಿಂದ ಕೇಳಿದ್ದೇವೆ ಎಂಬ ಒಂದೇ ಕಾರಣಕ್ಕೆ ಅವನು ಕಥೆಯನ್ನು ಒಪ್ಪಲಿಲ್ಲ. ಆ ಮನಸ್ಸನ್ನು ನಾವು ನಮ್ಮ ಮನೆಯ ಕಥೆಗಳ ಕಡೆಗೆ ತಿರುಗಿಸಿದ್ದೇವೆಯೇ?

'ಪ್ರಶ್ನೆ ಮಾಡುವುದೇ ಶಂಕೆ, ಶಂಕೆ ಸಮ್ಯಕ್ತ್ವಕ್ಕೆ ಅತಿಚಾರವಲ್ಲವೇ?' ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ನನ್ನ ಅಲ್ಪಮತಿಗೆ ತೋಚಿದ್ದು ಇಷ್ಟು: ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಸ್ವಾಧ್ಯಾಯವನ್ನು ಐದು ವಿಧವಾಗಿ ಹೇಳಿದ್ದಾರೆ, ಅದರಲ್ಲಿ ಎರಡನೆಯದು ಪೃಚ್ಛನಾ, ಅಂದರೆ ಕೇಳುವುದು. ಸ್ವಾಧ್ಯಾಯವು ಅಂತರಂಗ ತಪಸ್ಸು. ಹಾಗಾದರೆ ಪ್ರಶ್ನೆ ಮಾಡುವುದು ಉಪವಾಸದಂತೆ ಒಂದು ತಪಸ್ಸೇ ಆಯಿತು. ಸಮಂತಭದ್ರಾಚಾರ್ಯರಂತೂ 'ಆಪ್ತಮೀಮಾಂಸೆ'ಯ ಆರಂಭದಲ್ಲಿಯೇ ಜಿನೇಂದ್ರನ ಎದುರಿಗೆ ನಿಂತು ಹೇಳುತ್ತಾರೆ: ದೇವತೆಗಳು ಬರುವುದು, ಆಕಾಶದಲ್ಲಿ ಸಂಚರಿಸುವುದು, ಚಾಮರಾದಿ ವೈಭವಗಳು ಮಾಯಾವಿಗಳಲ್ಲಿಯೂ ಕಾಣುತ್ತವೆ, ಅಷ್ಟರಿಂದ ನೀನು ನಮಗೆ ಮಹಾನ್ ಆಗಲಾರೆ ಎಂದು. ತನ್ನ ಆರಾಧ್ಯನನ್ನೇ ಪರೀಕ್ಷಿಸಿ ಆಮೇಲೆ ತಲೆಬಾಗಿದ ಆಚಾರ್ಯರ ಶಿಷ್ಯಪರಂಪರೆ ನಮ್ಮದು. ಅಂಥವರ ಮಕ್ಕಳಾದ ನಾವು ಅಜ್ಜ ಹೇಳಿದ ಮಾತನ್ನು ಪರೀಕ್ಷಿಸಲು ಅಂಜುತ್ತೇವೆ!

ಅಮೂಢದೃಷ್ಟಿಗೆ ಪ್ರಸಿದ್ಧಳಾದ ರೇವತೀರಾಣಿಯ ಕಥೆಯನ್ನು ತಾವು ಕೇಳಿದ್ದೀರಿ. ವಿದ್ಯಾಬಲವುಳ್ಳ ಕ್ಷುಲ್ಲಕನೊಬ್ಬನು ಅವಳನ್ನು ಪರೀಕ್ಷಿಸಲು ಉತ್ತರ ಮಥುರೆಗೆ ಬಂದು, ಒಂದೊಂದು ದಿನ ಒಂದೊಂದು ದಿಕ್ಕಿನಲ್ಲಿ ಬ್ರಹ್ಮ, ವಿಷ್ಣು, ಶಿವರ ರೂಪ ತಾಳಿ ತೋರಿಸಿದನು. ಊರೆಲ್ಲ ಓಡಿತು, ರಾಣಿ ಹೋಗಲಿಲ್ಲ. ನಾಲ್ಕನೆಯ ದಿನ ಅವನು ಸಮವಸರಣವನ್ನೇ ನಿರ್ಮಿಸಿ ತೀರ್ಥಂಕರನ ರೂಪದಲ್ಲಿ ಕುಳಿತನು. ಜೈನರೆಲ್ಲ ಓಡಿದರು, ಭವ್ಯಸೇನನೆಂಬ ಮುನಿಯೂ ಹೋದನು. ರೇವತಿ ಆಗಲೂ ಹೋಗಲಿಲ್ಲ. ತೀರ್ಥಂಕರರು ಇಪ್ಪತ್ನಾಲ್ಕೇ, ಇವನು ಯಾರೋ ಮಾಯಾವಿ ಎಂದು ಅರಮನೆಯಲ್ಲಿಯೇ ಉಳಿದಳು. ಮೊದಲ ಮೂರು ಪರೀಕ್ಷೆಗಳಲ್ಲಿ ನಾವೂ ನೀವೂ ಪಾಸಾದೇವು. ನಾಲ್ಕನೆಯದೇ ನಿಜವಾದ ಪರೀಕ್ಷೆ, ಏಕೆಂದರೆ ಅಲ್ಲಿ ಸುಳ್ಳು ನಮ್ಮದೇ ವೇಷ ಹಾಕಿಕೊಂಡು ಬಂದಿತ್ತು.

ಶಾಸ್ತ್ರದಲ್ಲಿ ಮಿಥ್ಯಾತ್ವವು ಎರಡು ಬಗೆ ಎನ್ನುತ್ತಾರೆ. ಹುಟ್ಟಿನಿಂದ ಬಂದದ್ದು ಒಂದು, ಪರರ ಉಪದೇಶದಿಂದ ಹಿಡಿದುಕೊಂಡದ್ದು ಇನ್ನೊಂದು. ಈ ಎರಡನೆಯದಕ್ಕೆ ಗೃಹೀತ ಮಿಥ್ಯಾತ್ವವೆಂದು ಹೆಸರು. ತೊಟ್ಟಿಲಲ್ಲಿರುವಾಗಲೇ ಹಿಡಿದುಕೊಂಡದ್ದು ಹುಟ್ಟಿನಿಂದ ಬಂದದ್ದೇ ಎಂಬಂತೆ ಕಾಣುತ್ತದೆ, ಅದೇ ಅದರ ತೊಡಕು. ನಮ್ಮ ಸಮಾಜದಲ್ಲಿ ಇಂಥವು ಎಷ್ಟೋ ಇವೆ. ಜೈನರೆಂದರೆ ವ್ಯಾಪಾರಿಗಳೇ ಎಂಬುದು ಒಂದು. ಭಗವಾನ್ ಆದಿನಾಥರು ಕಲಿಸಿದ ಷಟ್ಕರ್ಮಗಳಲ್ಲಿ ಅಸಿ, ಮಸಿಗಳ ಜೊತೆಗೆ ಕೃಷಿಯೂ ಇದೆ. ನಮ್ಮ ಗಡಿನಾಡಿನ ಜೈನರಲ್ಲಿ ನೇಗಿಲು ಹಿಡಿದವರೇ ಬಹಳ. 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರು ಬೆಳಗಾವಿ ಜಿಲ್ಲೆಯ ಭೋಜದ ಪಾಟೀಲ ಮನೆತನದವರು. ಆದರೂ ಹೊಲದ ಮನೆಗೆ ಹೆಣ್ಣು ಕೊಡಲು ಪೇಟೆಯವರು ಹಿಂದೆಮುಂದೆ ನೋಡುತ್ತಾರೆ. ಹಿಂದಿ ಮಾತನಾಡುವ ಮನೆಯವರಿಗೆ ಕನ್ನಡದವರ ಆಚಾರ ಸಡಿಲವೆಂಬ ಕಥೆ, ಕನ್ನಡದವರಿಗೆ ಅವರು ಹಣಕ್ಕಾಗಿ ಬಂದವರೆಂಬ ಕಥೆ, ಮರಾಠಿ ಮನೆಯವರಿಗೆ ಇಬ್ಬರ ಬಗ್ಗೆಯೂ ಒಂದೊಂದು ಕಥೆ! ಇವುಗಳಿಗೆ ಆಚಾರ್ಯರು ಇಟ್ಟ ಹೆಸರು ಕುಲಮದ, ಜಾತಿಮದ. ಮಾತಂಗನ ದೇಹದಲ್ಲಿ ಹುಟ್ಟಿದವನಲ್ಲಿ ಸಮ್ಯಗ್ದರ್ಶನವಿದ್ದರೆ ಅವನು ಬೂದಿ ಮುಚ್ಚಿದ ಕೆಂಡದಂತೆ ದೇವನೇ ಎಂದು ಅದೇ ರತ್ನಕರಂಡಕದಲ್ಲಿದೆ.

ಪರರ ದೋಷ ಎಣಿಸಿದ್ದು ಸಾಕು. ನನ್ನದನ್ನು ಹೇಳುತ್ತೇನೆ.

ಬೋಣಿಗೆಯ ವಿಷಯ ವ್ಯಾಪಾರಿಗಳೆಲ್ಲರಿಗೂ ಗೊತ್ತು. ಬೆಳಿಗ್ಗೆ ಮೊದಲು ಕಾಸು ಕೊಟ್ಟವರ ಕೈಗುಣದಂತೆ ಆ ದಿನದ ವ್ಯಾಪಾರ ಎಂಬ ನಂಬಿಕೆ. ವಿಧವೆಯರು ಬೋಣಿಗೆ ಮಾಡಬಾರದೆಂದು ನಮ್ಮ ತಂದೆಯವರು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರು. ಅವರು ನಿತ್ಯ ಅಭಿಷೇಕ ತಪ್ಪಿಸಿದವರಲ್ಲ, ತೂಕದಲ್ಲಿ ಒಂದು ಗುಂಜಿ ಕಡಿಮೆ ಮಾಡಿದವರಲ್ಲ. ಆದುದರಿಂದಲೇ ಅವರು ಹೇಳಿದ್ದೆಲ್ಲವೂ ಧರ್ಮವೇ ಎಂದು ನಾನು ತಿಳಿದೆ.

ನನ್ನ ಹಿರಿಯ ಅಕ್ಕ 1984ರಲ್ಲಿ ಪತಿಯನ್ನು ಕಳೆದುಕೊಂಡು ತವರಿಗೆ ಬಂದಳು. ಆಗ ಅವಳಿಗೆ ಮೂವತ್ತೂ ಆಗಿರಲಿಲ್ಲ. ಒಂದು ಮುಂಜಾನೆ ಬಸದಿಯಿಂದ ಬರುತ್ತ, ನನಗೆಂದು ಬಟ್ಟಲಲ್ಲಿ ಗಂಧೋದಕ ತಂದು ಅಂಗಡಿಯ ಮೆಟ್ಟಿಲು ಹತ್ತಿದಳು. ತಂದೆಯವರು ಊರಲ್ಲಿರಲಿಲ್ಲ, ಗಾದಿಯ ಮೇಲೆ ನಾನಿದ್ದೆ. "ಅಕ್ಕಾ, ಇನ್ನೂ ಬೋಣಿಗಿ ಆಗಿಲ್ಲ, ಜರಾ ಹೊರಗ ನಿಂದ್ರು" ಎಂದೆ. ಅವಳು ಏನೂ ಅನ್ನಲಿಲ್ಲ. ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಮನೆಗೆ ಹೋದಳು. ಭಗವಂತನ ಅಭಿಷೇಕದ ಜಲವನ್ನು ಶಿರದಲ್ಲಿ ಧರಿಸುವವನು, ಅದನ್ನು ಹೊತ್ತು ತಂದ ಕೈಯನ್ನು ಅಶುಭವೆಂದೆ. ಆ ಹೊತ್ತಿಗೆ ನನಗೆ ಅದರಲ್ಲಿ ತಪ್ಪೇನೂ ತೋರಲಿಲ್ಲ. ಅಂದಿನಿಂದ ಅವಳು ಮುಂಜಾನೆ ಅಂಗಡಿಯ ಕಡೆ ಬರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಅಂಗಡಿಯ ಮಾಳಿಗೆ ತೆಗೆಸಿ ಸ್ಲ್ಯಾಬ್ ಹಾಕಿಸುವಾಗ ಕೆಂಪು ಅರಿವೆಯಲ್ಲಿ ಕಟ್ಟಿಟ್ಟ ಹಳೆಯ ಕಿರ್ದಿಗಳು ಸಿಕ್ಕವು. ಅಷ್ಟರಲ್ಲಿ ಆ ದಿನ ನನ್ನನ್ನು ಕಾಡತೊಡಗಿತ್ತು. ದಸರೆಯ ಮರುದಿನವಾದ್ದರಿಂದ ತಿಥಿ ನೆನಪಿತ್ತು. ಹುಡುಕಿ ನೋಡಿದೆ. ಆ ದಿನದ ಜಮೆ ಹಿಂದಿನ ದಿನಗಳಂತೆಯೇ ಇತ್ತು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅಕ್ಕನನ್ನು ಹೊರಗೆ ನಿಲ್ಲಿಸಿ ನಾನು ಗಳಿಸಿದ್ದು ಏನೂ ಇರಲಿಲ್ಲ. ಆಮೇಲೆ ಒಂದು ವರ್ಷ ಬೋಣಿಗೆ ಮಾಡಿದವರು ಯಾರೆಂದು ಕಿರ್ದಿಯ ಅಂಚಿನಲ್ಲಿ ಗುರುತು ಹಾಕುತ್ತ ಹೋದೆ. ಮೊಸರು ಮಾರುವ ವಿಧವೆ ಅಜ್ಜಿಯೊಬ್ಬಳು ಬಹಳ ದಿನ ಮೊದಲು ಬರುತ್ತಿದ್ದಳು. ಶೇಂಗಾದ ದರ ಇಳಿದದ್ದು ಸೊಲ್ಲಾಪುರದ ಮಾರುಕಟ್ಟೆಯಲ್ಲಿ ಆವಕ ಹೆಚ್ಚಾದಾಗ, ಗಿರಾಕಿ ಕಡಿಮೆಯಾದದ್ದು ಮಳೆ ಹೋದಾಗ. ಕೈಗುಣದ ಖಾತೆಗೆ ಹಾಕಲು ನನಗೆ ಒಂದು ಪೈಯೂ ಸಿಗಲಿಲ್ಲ. ಉದ್ರಿಯ ಒಂದು ರೂಪಾಯಿಗೂ ತಾಳೆ ನೋಡುವ ನಾವು ಇಂಥ ಮಾತಿನ ಲೆಕ್ಕವನ್ನು ಅಜ್ಜನ ಕಾಲದಿಂದ ಒಮ್ಮೆಯೂ ತಾಳೆ ನೋಡಿರಲಿಲ್ಲ.

ಅಂಗಡಿಯಲ್ಲಿ ಬಿಟ್ಟೆ, ಸರಿ. ಬಸದಿಯಲ್ಲಿ? ನಮ್ಮ ರಥೋತ್ಸವದಲ್ಲಿ ಮಂಗಲ ಕಲಶ ಹಿಡಿಯಲು ವಿಧವೆಯರನ್ನು ಕರೆಯುವ ವಾಡಿಕೆಯಿಲ್ಲ. ಕನ್ನಡದವರು ಮುತ್ತೈದೆ ಎನ್ನುತ್ತೇವೆ, ಮರಾಠಿಯವರು ಸವಾಷ್ಣ ಎನ್ನುತ್ತಾರೆ, ಹಿಂದಿಯವರು ಸುಹಾಗನ್ ಎನ್ನುತ್ತಾರೆ. ಬೇರೆಲ್ಲ ವಿಷಯಗಳಲ್ಲಿ ಜಗಳವಾಡುವ ಮೂರೂ ಮನೆಯವರು ಇದೊಂದರಲ್ಲಿ ಒಂದೇ. ಈ ವರ್ಷದ ಸಭೆಯಲ್ಲಿ ನಾನು ಈ ಪ್ರಶ್ನೆ ಎತ್ತಿದೆ. 'ಮೊದಲಿನಿಂದ ನಡೆದುಬಂದಿದೆ' ಎಂಬ ಉತ್ತರ ಬಂತು. ಯಾವ ಆಗಮದಲ್ಲಿದೆ ಎಂದರೆ ಯಾರೂ ತೋರಿಸಲಿಲ್ಲ.

ದಾನಚಿಂತಾಮಣಿ ಅತ್ತಿಮಬ್ಬೆಯ ಕಥೆಯನ್ನು ನಾವು ಹೆಣ್ಣುಮಕ್ಕಳಿಗೆ ಅಭಿಮಾನದಿಂದ ಹೇಳುತ್ತೇವೆ. ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು, ರನ್ನನಿಂದ 993ರಲ್ಲಿ 'ಅಜಿತಪುರಾಣ' ಬರೆಯಿಸಿದಳು, ಲಕ್ಕುಂಡಿಯಲ್ಲಿ ಜಿನಾಲಯ ಕಟ್ಟಿಸಿದಳು ಎನ್ನುತ್ತೇವೆ. ಪತಿ ನಾಗದೇವನು ಯುದ್ಧದಲ್ಲಿ ಮಡಿದಾಗ ಅವಳ ತಂಗಿ, ಸವತಿಯೂ ಆದ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗನಿಗಾಗಿ ಉಳಿದು, ವ್ರತನಿಷ್ಠಳಾಗಿ ಈ ಕಾರ್ಯಗಳನ್ನು ಮಾಡಿದಳು. ಅಂದರೆ ಆ ಸಾವಿರ ಪ್ರತಿಗಳನ್ನು ಕೊಟ್ಟ ಕೈ ಒಬ್ಬ ವಿಧವೆಯ ಕೈ. ಇದನ್ನು ಮಾತ್ರ ಹೇಳದೆ ಮುಂದೆ ಹೋಗುತ್ತೇವೆ. ಅವಳು ಇಂದು ನಮ್ಮ ಬಸದಿಗೆ ಬಂದರೆ ಕಲಶದ ಸಾಲಿನಲ್ಲಿ ಎಲ್ಲಿ ನಿಲ್ಲಿಸೋಣ?

ಸಭೆ ಮುಗಿದ ರಾತ್ರಿ ಅಕ್ಕನ ಹತ್ತಿರ ಕುಳಿತು, ನಲವತ್ತು ವರ್ಷಗಳ ಹಿಂದಿನ ಆ ಮುಂಜಾನೆಗಾಗಿ ಕ್ಷಮೆ ಕೇಳಿದೆ. ವರ್ಷಕ್ಕೊಮ್ಮೆ ಕ್ಷಮಾವಣಿಯ ದಿನ ಎಲ್ಲರಂತೆ ಅವಳಿಗೂ ಕೈಮುಗಿಯುತ್ತ ಬಂದಿದ್ದೆ, ಆದರೆ ಏತಕ್ಕೆಂದು ಹೇಳಿ ಕೇಳಿರಲಿಲ್ಲ. ಅವಳಿಗೆ ಈಗ ಎಪ್ಪತ್ತು ತುಂಬುತ್ತ ಬಂತು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ನೀ ಅಂದದ್ದು ಬಿಡೋ ತಮ್ಮಾ. ನಾನೂ ಅದನ್ನ ಖರೇ ಅಂತ ನಂಬಿದ್ನೆಲ್ಲಾ. ನಿನ್ನ ಅಂಗಡಿಗೆ ನನ್ನಿಂದ ಕೇಡಾಗಬಾರದು ಅಂತ ಇಷ್ಟು ವರ್ಷ ಹಿಂದಿನ ಓಣಿಯಿಂದ ಬಸದಿಗೆ ಹೋದೆ."

ಹಿಂದಿನ ಓಣಿ ಸುತ್ತಿನ ದಾರಿ. ಅವಳು ಆ ದಾರಿಯಿಂದ ಹೋಗುತ್ತಿದ್ದಳೆಂಬುದೇ ನನಗೆ ಗೊತ್ತಿರಲಿಲ್ಲ.

ಕಲಶ ಹಿಡಿಯುವವರ ಪಟ್ಟಿಯನ್ನು ಉತ್ಸವದ ಎರಡು ದಿನ ಮೊದಲು ಬರೆಯುತ್ತಾರೆ. ಸಭೆಯಲ್ಲಿ ನಿರ್ಣಯವಾಗಲಿಲ್ಲ, ಬೇಡವೆಂದೂ ಆಗಲಿಲ್ಲ. ನಮ್ಮ ಮನೆಯಿಂದ ಈ ಸಲ ಅಕ್ಕನ ಹೆಸರನ್ನು ಕೊಟ್ಟಿದ್ದೇನೆ. ಬರುತ್ತೇನೆಂದು ಅವಳು ಇನ್ನೂ ಒಪ್ಪಿಲ್ಲ. ತಮ್ಮ ಮನೆಗಳಲ್ಲಿಯೂ ಹಿಂದಿನ ಓಣಿಯಿಂದ ಬರುವವರಿದ್ದರೆ ಅವರ ಹೆಸರನ್ನು ಬಸದಿಯ ಕಚೇರಿಯಲ್ಲಿ ಕೊಡಬೇಕೆಂದು ವಿನಂತಿ.

ಜಯ ಜಿನೇಂದ್ರ.