ದಾಸೋಹಕ್ಕೆ ಹೊರಡುವ ಮುನ್ನ

ಕಾಯಕದಿಂದ ಬಂದುದನ್ನು ಸಮಾಜಕ್ಕೆ ಸಲ್ಲಿಸುವುದೇ ದಾಸೋಹವೆಂದು ಶಿವಶರಣರು ಬೋಧಿಸಿದರು. ಆದರೆ ಸಲ್ಲಿಸುವ ಪದಾರ್ಥಕ್ಕಿಂತ ಸಲ್ಲಿಸುವವನ ಭಾವವೇ ಅವರಿಗೆ ಹಿರಿದಾಗಿದ್ದಿತು. ‘ನಾನು ಕೊಡುವವನು, ಅವನು ಬೇಡುವವನು’ ಎಂಬ ಭೇದಬುದ್ಧಿ ಉಳಿದಿರುವವರೆಗೆ ಅದು ದಾನವಾಗಬಹುದಲ್ಲದೆ ದಾಸೋಹವೆನಿಸದು. ಗ್ರಾಮಸೇವೆಗೆಂದು ಹೊರಡುವ ಕಾಲೇಜು ವಿದ್ಯಾರ್ಥಿಗಳಿಗೆ ಈ ವಿವೇಕವು ಮೊದಲ ಪಾಠವಾಗಬೇಕು.

ಮಹಾತ್ಮಾ ಗಾಂಧೀಜಿಯವರ ಜನ್ಮಶತಾಬ್ದಿಯ ಸಂದರ್ಭದಲ್ಲಿ, 1969ರ ಸೆಪ್ಟೆಂಬರ್ 24ರಂದು, ರಾಷ್ಟ್ರೀಯ ಸೇವಾ ಯೋಜನೆಯು 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾಯಿತು. ಅದರ ಸ್ವಯಂಸೇವಕನು ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆಯನ್ನು ಸಲ್ಲಿಸಬೇಕು; ಬಿಡುವಿನ ದಿನಗಳಲ್ಲಿ ಹಳ್ಳಿಯೊಂದರಲ್ಲಿ 7 ದಿನಗಳ ವಿಶೇಷ ಶಿಬಿರದಲ್ಲಿ ಪಾಲ್ಗೊಳ್ಳಬೇಕು. ಬೇಸಗೆಯ ರಜೆಯಲ್ಲಿ ಇನ್ನೂ ಹೆಚ್ಚು ಕಾಲ ಹಳ್ಳಿಗಳಲ್ಲಿದ್ದು ಸೇವೆಯನ್ನು ಕಲಿಯುವವರೂ ಉಂಟು. ದಿನಗಳು ಕೆಲವೇ, ಆದುದರಿಂದ ಸೇವೆಯ ಸಫಲತೆಯು ಹೊರಡುವ ಮುನ್ನ ನಡೆದ ಸಿದ್ಧತೆಯನ್ನೇ ಅವಲಂಬಿಸಿದೆ.

ಆ ಸಿದ್ಧತೆ ಎಂತಹುದು? ಪಂಚಾಚಾರಗಳು ಅದಕ್ಕೆ ದಾರಿ ತೋರುತ್ತವೆ. ಸದಾಚಾರವು ದುಡಿಮೆಯನ್ನು ಕಲಿಸುತ್ತದೆ: ಗುದ್ದಲಿ ಹಿಡಿದರಿಯದ ಕೈ ಹಳ್ಳಿಯಲ್ಲಿ ಒಮ್ಮೆಗೇ ಪಳಗಲಾರದು. ಶಿವಾಚಾರವು ಸಮತೆಯನ್ನು ಕಲಿಸುತ್ತದೆ: ಊರ ನಡುವಿನ ಬೀದಿಗೆ ಹೋದವನು ಊರಂಚಿನ ಕೇರಿಗೂ ಹೋಗಿ, ಅಲ್ಲಿಯ ಮನೆಯ ನೀರನ್ನು ಸಂಕೋಚವಿಲ್ಲದೆ ಕುಡಿಯಬೇಕು. ಭೃತ್ಯಾಚಾರವು ವಿನಯವನ್ನು ಕಲಿಸುತ್ತದೆ: ಹೊಲದ ಮಣ್ಣಿನ ಗುಣವನ್ನೂ ಮಳೆಯ ನಡೆಯನ್ನೂ ಬಲ್ಲ ರೈತನ ಮುಂದೆ ಪದವಿಯ ವಿದ್ಯಾರ್ಥಿಯು ಶಿಷ್ಯನೇ ಹೊರತು ಗುರುವಲ್ಲ.

ಇಂಗುಗುಂಡಿಯ ಉದಾಹರಣೆಯನ್ನೇ ವಿಚಾರಿಸಬಹುದು. ನೀರಿನ ಕಟ್ಟೆಯ ಬಳಿ ಬಚ್ಚಲು ನೀರು ನಿಂತು ಸೊಳ್ಳೆಗಳು ಹೆಚ್ಚಿದಲ್ಲಿ, ಗುಂಡಿ ತೋಡಿ ಕಲ್ಲು ತುಂಬಿ ನೀರಿಂಗಿಸುವುದು ಯೋಗ್ಯವಾದ ಕಾರ್ಯವೇ. ಆದರೆ ಮಣ್ಣು, ಸಾಬೂನಿನ ಜಿಡ್ಡು ಸೇರಿ ಗುಂಡಿ ಕ್ರಮೇಣ ಕಟ್ಟಿಕೊಳ್ಳುತ್ತದೆ. ಅದನ್ನು ಶುಚಿಮಾಡುವವರಾರು? ಗುಂಡಿ ಯಾರ ಜಾಗದಲ್ಲಿದೆ? ಆ ನೆಲ ನೀರನ್ನು ಹೀರುವುದೇ? ಆ ಕಟ್ಟೆಗೆ ನೀರಿಗಾಗಿ ಬರುವ ತಾಯಂದಿರನ್ನು ಕೇಳಿದವರುಂಟೇ? ಶಿಬಿರಕ್ಕೆ ಮೊದಲೇ ಊರಿಗೆ ಹೋಗಿ ಇವನ್ನು ತಿಳಿಯದಿದ್ದರೆ, ವಿದ್ಯಾರ್ಥಿಗಳು ಮರಳಿದ ಮೇಲೆ ಉಳಿಯುವುದು ಅರೆಬರೆ ತೋಡಿದ ಹಳ್ಳವೂ ಗ್ರಾಮಸ್ಥರ ಅವಿಶ್ವಾಸವೂ ಮಾತ್ರ. ಒಮ್ಮೆ ಮುರಿದ ವಿಶ್ವಾಸದ ಭಾರವನ್ನು ಮುಂದೆ ಬರುವ ಪ್ರಾಮಾಣಿಕ ಸೇವಕನೂ ಹೊರಬೇಕಾಗುತ್ತದೆ.

ಆಯ್ದಕ್ಕಿ ಮಾರಯ್ಯನವರ ಕಥೆ ಇಲ್ಲಿ ಸ್ಮರಣೀಯ. ಕಲ್ಯಾಣದಲ್ಲಿ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ತಂದಾಗ, ಸತಿ ಲಕ್ಕಮ್ಮನವರು ಅದನ್ನು ಸ್ವೀಕರಿಸದೆ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ತಿಳಿಸಿದರು. ದಾಸೋಹಕ್ಕೆಂದು ತಂದ ಅಕ್ಕಿಯೂ ಮಿತಿ ಮೀರಿದಾಗ ಆಸೆಯಾಗುವುದೆಂದು ಆ ತಾಯಿ ಕಂಡರು. ಸೇವೆಗೂ ಇಂತಹದೇ ಮಿತಿಯುಂಟು. ಪ್ರಶಸ್ತಿಪತ್ರ, ಭಾವಚಿತ್ರ, ಹೊಗಳಿಕೆಗಳಿಗಾಗಿ ಹಳ್ಳಿಗೆ ಹೊರಟವನು ತನ್ನದಲ್ಲದ ಅಕ್ಕಿಯನ್ನು ಆಯ್ದವನಂತೆಯೇ. ಹತ್ತು ಕಾರ್ಯಗಳನ್ನು ಆರಂಭಿಸುವುದಕ್ಕಿಂತ, ಊರವರೊಡನೆ ಕೂಡಿ ಒಂದನ್ನು ಪೂರ್ಣಗೊಳಿಸಿ ಅವರ ಕೈಗೊಪ್ಪಿಸುವುದು ಲೇಸು.

ಈ ಶಿಕ್ಷಣವನ್ನು ಕಾಲೇಜೊಂದೇ ಕೊಡಲಾರದು. ಲಕ್ಕಮ್ಮನವರಂತೆ ಮನೆಯೂ ಕೊಡಬೇಕು. ಉಂಡ ತಟ್ಟೆಯನ್ನು ತಾನೇ ತೊಳೆಯುವ, ಮನೆಯ ಆಳನ್ನು ಗೌರವದಿಂದ ಮಾತನಾಡಿಸುವ, ಹಿರಿಯರು ನುಡಿವಾಗ ತಾಳ್ಮೆಯಿಂದ ಕೇಳುವ ಅಭ್ಯಾಸವು ಬಾಲ್ಯದಲ್ಲಿಯೇ ಬೇರೂರಬೇಕು. ಮಗನಾಗಲಿ ಮಗಳಾಗಲಿ ಶಿಬಿರದಿಂದ ಮರಳಿದಾಗ ಭಕ್ತರಾದ ತಂದೆತಾಯಿಗಳು ‘ಏನು ಕೊಟ್ಟು ಬಂದೆ?’ ಎಂದು ಮಾತ್ರ ಕೇಳದೆ, ‘ಏನು ಕಲಿತು ಬಂದೆ? ಯಾರನ್ನು ಬಂಧುಗಳನ್ನಾಗಿ ಮಾಡಿಕೊಂಡೆ?’ ಎಂದೂ ಕೇಳಲಿ. ಅಂತಹ ಮನೆಯಿಂದ ಹೊರಟ ಸೇವೆಯೇ ಜಂಗಮಸೇವೆಯಾಗಿ ಪರಶಿವನಿಗೆ ಸಲ್ಲುವುದು.